ಬೇಸ್‌ಮೆಂಟಿನಲ್ಲಿ ನಾಲ್ಕೇ ಜಾಗ

ಕಳೆದ ಭಾನುವಾರ ನನ್ನ ಟ್ವೈಲೈಟ್ ಝೋನ್ ಪಿನ್‌ಬಾಲ್ ಮಷೀನ್ ಮಾರಿಬಿಟ್ಟೆ. ಗಾಜಿನ ಕೆಳಗೆ ಇಳಿಜಾರು ಹಲಗೆಯ ಮೇಲೆ ಉರುಳಿ ಬರುವ ಬಾಲ್ ಕೆಳಗಿನ ಸಂದಿಗೆ ಬೀಳದ ಹಾಗೆ ಬಟನ್ ಒತ್ತಿ ಮತ್ತೆ ಮತ್ತೆ ಮೇಲಕ್ಕೆ ಹೊಡೆಯುವ ಆಟ ಅದು. ಮೂರು ಜನ ಸೇರಿ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಒಬ್ಬರ ಸೊಂಟ ಹಿಡಿದುಕೊಂಡಿತು, ಇನ್ನೊಬ್ಬರ ಹೆಬ್ಬೆರಳು ಜಜ್ಜಿತು, ಗೋಡೆಯ ಬಣ್ಣ ಗೇಣುದ್ದ ಕಿತ್ತು ಬಂತು. ಮಷೀನಿಗೆ ಮಾತ್ರ ಏನೂ ಆಗಲಿಲ್ಲ. ಗಾಡಿ ಹೊರಟ ಮೇಲೆ ಪಿನ್‌ಬಾಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದೆ. "ತಲೆ ಕೆಟ್ಟಿದೆಯಾ ನಿನಗೆ?" ಅಂತಲೇ ಎಲ್ಲರೂ ಕೇಳಿದ್ದು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಟ್ವೈಲೈಟ್ ಝೋನ್ ಅಂದರೆ ಪಿನ್‌ಬಾಲ್ ಹುಚ್ಚಿನವರಿಗೆ ದೇವರ ಪಟದ ಹಾಗೆ. 1993ರ ಮಷೀನ್, ಪ್ಯಾಟ್ ಲಾಲರ್ ಡಿಸೈನ್ ಮಾಡಿದ್ದು, 15,235 ತಯಾರಾದವು. ಮಾಮೂಲಿ ಮಷೀನಿಗಿಂತ ಅಗಲ, ನಾಲ್ಕು ಫ್ಲಿಪ್ಪರ್ (ಬಾಲ್ ಹೊಡೆಯುವ ಪುಟ್ಟ ಕೈ), ಒಳಗೊಂದು ನಿಜವಾದ ಮುಳ್ಳಿನ ಗಡಿಯಾರ, ಮೂಲೆಯಲ್ಲಿ ಬಾಲ್ ನುಂಗಿ ಉಗುಳುವ ಗಂಬಾಲ್ (ಚೂಯಿಂಗ್ ಗಮ್ ಉಂಡೆ) ಯಂತ್ರ. ಅದಕ್ಕಿಂತ ಮಜಾ ಅಂದರೆ ಪವರ್‌ಬಾಲ್. ಉಳಿದವೆಲ್ಲ ಉಕ್ಕಿನ ಬಾಲ್, ಇದೊಂದು ಪಿಂಗಾಣಿಯದ್ದು, ಬೆಳ್ಳಗೆ ಇರುತ್ತದೆ. ಹಗುರ, ಅಯಸ್ಕಾಂತಕ್ಕೆ ಬಗ್ಗುವುದಿಲ್ಲ, ನೀವು ಅಂದಾಜು ಮಾಡಿದ್ದಕ್ಕಿಂತ ಮೊದಲೇ ಫ್ಲಿಪ್ಪರ್ ಹತ್ತಿರ ಬಂದು ನಿಂತಿರುತ್ತದೆ. ಮೊದಲ ಸಲ ಅದು ಬಂದಾಗ ನಾನು ಸುಮ್ನೆ ನೋಡುತ್ತಾ ನಿಂತೆ, ಬಾಲ್ ಮಧ್ಯದ ಸಂದಿಯಲ್ಲಿ ಇಳಿದು ಹೋಯಿತು.

ಇಷ್ಟೆಲ್ಲ ಇದ್ದೂ ಯಾಕೆ ಮಾರಿದೆ ಅಂದರೆ, ಕಳೆದ ಒಂದು ವರ್ಷದಲ್ಲಿ ಅದನ್ನು ಆಡಿದ್ದಕ್ಕಿಂತ ಜಾಸ್ತಿ ಬಿಚ್ಚಿದ್ದೇನೆ. ಆ ಗಡಿಯಾರ ಇದೆಯಲ್ಲ, ಅದರೊಳಗಿನ ಬಲ್ಬುಗಳ ಬಿಸಿಗೆ ಪಕ್ಕದಲ್ಲೇ ಇರುವ ಸೆನ್ಸರ್ ಬೋರ್ಡ್ ಬೆಂದುಹೋಗುತ್ತದೆ. ಇದು ಆ ಮಷೀನಿನ ಹುಟ್ಟುಗುಣ, ಯಾರನ್ನೂ ದೂರುವ ಹಾಗಿಲ್ಲ. ಗಡಿಯಾರ ಸರಿ ಮಾಡಿದರೆ ಗಂಬಾಲ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅದನ್ನು ಬಿಡಿಸಿದರೆ ಇನ್ನೆಲ್ಲೋ ಒಂದು ಸ್ವಿಚ್ ಸತ್ತಿರುತ್ತಿತ್ತು. ಇಷ್ಟಾದರೂ ಇಟ್ಟುಕೊಳ್ಳುತ್ತಿದ್ದೆನೋ ಏನೋ. ಆದರೆ ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ರೂಲ್ಸ್ ಅರ್ಥವಾಗುವುದರೊಳಗೆ ಮೂರು ಬಾಲೂ ಮುಗಿದಿರುತ್ತವೆ ಅಂತ ಹೆಂಡತಿ ಕೈಬಿಟ್ಟಿದ್ದಳು.

ನಮ್ಮ ಮನೆಯ ಕಾನೂನು ಸರಳ. ಬೇಸ್‌ಮೆಂಟಿನಲ್ಲಿ ನಾಲ್ಕೇ ಜಾಗ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಈ ಕಾನೂನು ಮಾಡಿದ್ದು ನಾನಲ್ಲ ಅಂತ ಹೇಳಬೇಕಿಲ್ಲ ಅಲ್ವಾ.

ಈ ಹುಚ್ಚು ಎಲ್ಲಿಂದ ಬಂತು ಅಂತ ಊರಿನವರು ಕೇಳುತ್ತಾರೆ. ತಿಪಟೂರಿನಲ್ಲಿ ಪಿನ್‌ಬಾಲ್ ಎಲ್ಲಿತ್ತು? ಆದರೆ ಗೋಲಿ ಬೋರ್ಡ್ ಇತ್ತು. ಬಾಗಟೆಲ್ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತಿತ್ತು, ನಾವು ಗೋಲಿ ಬೋರ್ಡ್ ಅಂತಲೇ ಕರೆಯುತ್ತಿದ್ದೆವು. ಮರದ ಹಲಗೆ, ಅದರ ತುಂಬ ಸುತ್ತಲೂ ಹೊಡೆದ ಮೊಳೆ, ಬಲಗಡೆ ಸ್ಪ್ರಿಂಗ್ ಇರೋ ಕಡ್ಡಿ. ಎಳೆದು ಬಿಟ್ಟರೆ ಗೋಲಿ ಮೇಲೆ ಹೋಗಿ ಮೊಳೆಗಳಿಗೆ ಡಿಕ್ಕಿ ಹೊಡೆಯುತ್ತಾ ಯಾವುದೋ ಒಂದು ಮನೆಯಲ್ಲಿ ನಿಲ್ಲುತ್ತಿತ್ತು. ಬೇಸಿಗೆ ರಜೆಯಲ್ಲಿ ಅತ್ತೆ ಮಕ್ಕಳ ಜೊತೆ ಆಡುವಾಗ ನಾನು ಮೊಣಕೈಯಲ್ಲಿ ಹಲಗೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದೆ, ಸಿಕ್ಕಿಬಿದ್ದರೆ ಆಟದಿಂದ ಹೊರಗೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಪಿನ್‌ಬಾಲಿನ ಮುತ್ತಜ್ಜ ಅದೇ ಹಲಗೆ. ಆ ಸ್ಪ್ರಿಂಗ್ ಕಡ್ಡಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೆಗ್ಯು ರೆಡ್‌ಗ್ರೇವ್ ಎಂಬವರು ಪೇಟೆಂಟ್ ತೆಗೆದುಕೊಂಡಿದ್ದು 1871ರಲ್ಲಿ. ಪಿನ್ ಅಂದರೆ ಆ ಮೊಳೆಗಳೇ. ಇನ್ನು ಮೊಣಕೈಯಲ್ಲಿ ಅಲುಗಿಸುವುದನ್ನು ಹಿಡಿಯುವುದಕ್ಕೇ ಹ್ಯಾರಿ ವಿಲಿಯಮ್ಸ್ 1930ರ ದಶಕದಲ್ಲಿ ಟಿಲ್ಟ್ ಅನ್ನುವ ಸಾಧನ ಕಂಡುಹಿಡಿದ. ನನ್ನಂಥವರು ಅಲ್ಲೂ ಇದ್ದರು ಅಂತಾಯಿತು.

ಎರಡನೆಯ ಕಂತು ವಿಂಡೋಸ್ ಎಕ್ಸ್‌ಪಿ. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಆಚೆ ಹೋದ ಕೂಡಲೇ ಅದರಲ್ಲಿದ್ದ ಸ್ಪೇಸ್ ಕೆಡೆಟ್ ಅನ್ನುವ ಪಿನ್‌ಬಾಲ್ ಆಟ ತೆರೆಯುತ್ತಿದ್ದೆವು. ಝಡ್ ಒತ್ತಿದರೆ ಎಡ ಫ್ಲಿಪ್ಪರ್, ಓರೆ ಗೆರೆಯ ಕೀಲಿ ಒತ್ತಿದರೆ ಬಲ ಫ್ಲಿಪ್ಪರ್, ಸ್ಪೇಸ್ ಬಾರ್ ಹಿಡಿದು ಬಿಟ್ಟರೆ ಬಾಲ್ ಹಾರುತ್ತಿತ್ತು. ನಮ್ಮ ತಲೆಮಾರಿನ ಇಂಜಿನಿಯರುಗಳಲ್ಲಿ ಅದನ್ನು ಆಡದವರು ಯಾರಿದ್ದಾರೆ ಹೇಳಿ.

2009ರಲ್ಲಿ ಕೆಲಸದ ಮೇಲೆ ಶಿಕಾಗೋಗೆ ಬಂದೆ. ಮೊದಲ ಚಳಿಗಾಲದಲ್ಲಿ ಆಫೀಸಿನವರ ಜೊತೆ ಒಂದು ಬಾರ್‌ಗೆ ಹೋದಾಗ ಮೂಲೆಯಲ್ಲಿ ಒಂದು ನಿಜವಾದ ಮಷೀನ್ ಇತ್ತು. ಕಾಲು ಡಾಲರಿನ ನಾಣ್ಯ ಹಾಕಿ ಬಟನ್ ಒತ್ತಿದೆ. ಕಂಪ್ಯೂಟರಿನಲ್ಲಿ ಗೊತ್ತೇ ಆಗದ ಒಂದು ವಿಷಯ ಆವತ್ತು ಕೈಗೆ ಗೊತ್ತಾಯಿತು, ಅದು ಭಾರ. ಬಾಲ್ 80 ಗ್ರಾಂ ಉಕ್ಕು. ಫ್ಲಿಪ್ಪರಿನ ಕಾಯಿಲ್ ಧಡ್ ಅಂತ ಹೊಡೆಯುವುದು ಅಂಗೈಯಲ್ಲಿ ತಿಳಿಯುತ್ತದೆ. ಗಾಜಿಗೆ ಬಾಲ್ ಬಡಿದರೆ ಕಣ್ಣು ಮಿಟುಕುತ್ತದೆ.

ಆಮೇಲೆ ತಿಳಿದಿದ್ದು, ನಾನು ಬಂದು ಇಳಿದಿರುವುದೇ ಪಿನ್‌ಬಾಲಿನ ತವರುಮನೆಗೆ ಅಂತ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಲ್ಲವೂ ಶಿಕಾಗೋದವು. ಈಗಿನ ದೊಡ್ಡ ಕಂಪನಿ ಸ್ಟರ್ನ್ ಕೂಡ ನಾವಿರುವ ಶಾಂಬರ್ಗ್ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿದೆ. ತಮಾಷೆ ಏನೆಂದರೆ ಇದೇ ಶಿಕಾಗೋದಲ್ಲಿ 1970ರ ದಶಕದವರೆಗೂ ಪಿನ್‌ಬಾಲ್ ನಿಷೇಧವಾಗಿತ್ತು. ಇಲ್ಲಿ ಮಾಡಿ ಜಗತ್ತಿಗೆಲ್ಲ ಕಳಿಸಬಹುದು, ಇಲ್ಲಿ ಆಡುವ ಹಾಗಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ನ್ಯೂಯಾರ್ಕಿನಲ್ಲಿ 1942ರಲ್ಲಿ ಮೇಯರ್ ಲಾ ಗಾರ್ಡಿಯಾ ಇದು ಜೂಜು ಅಂತ ಮಷೀನುಗಳನ್ನು ಸುತ್ತಿಗೆಯಲ್ಲಿ ಒಡೆಸಿದ್ದ. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯವರ ಮುಂದೆ ಮಷೀನ್ ಇಡಿಸಿ, ಬಾಲ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಮೊದಲೇ ಹೇಳಿ, ಕಡ್ಡಿ ಎಳೆದು ಅದೇ ದಾರಿಯಲ್ಲಿ ಕಳಿಸಿ ತೋರಿಸಿದ. ಅದೃಷ್ಟದ ಆಟ ಅಲ್ಲ, ಕೈಚಳಕದ ಆಟ ಅಂತ ಒಪ್ಪಿದರು. ಆ ಒಂದು ಬಾಲ್ ಆಚೀಚೆ ಆಗಿದ್ದರೆ ಏನು ಗತಿ ಅಂತ ಈಗಲೂ ಯೋಚನೆ ಬರುತ್ತದೆ.

ಸರಿ, ಮಷೀನ್ ಆರಿಸುವ ವಿಷಯಕ್ಕೆ ಬರೋಣ.

ಮೊದಲು ಕೊಂಡಿದ್ದು ವರ್ಲ್‌ವಿಂಡ್. ವಿಲಿಯಮ್ಸ್, 1990, ಅದೂ ಪ್ಯಾಟ್ ಲಾಲರ್ ಕೈಯದ್ದೇ. ಸುಂಟರಗಾಳಿಯ ಕಥೆ. ಆಟದ ಹಲಗೆಯ ಮೇಲೆ ಗಿರಗಿರ ತಿರುಗುವ ತಟ್ಟೆಗಳಿವೆ, ಬಾಲ್ ಅದರ ಮೇಲೆ ಬಿದ್ದರೆ ಯಾವ ಕಡೆ ಹೋಗುತ್ತದೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಇದರ ಮೇಲೆ ತಲೆಯಲ್ಲೊಂದು ಫ್ಯಾನ್. ಆಟದಲ್ಲಿ ಬಿರುಗಾಳಿ ಎದ್ದರೆ ಆ ಫ್ಯಾನ್ ಶುರುವಾಗಿ ನಿಮ್ಮ ಮುಖಕ್ಕೆ ಗಾಳಿ ಬೀಸುತ್ತದೆ! ನನಗೆ ಇಷ್ಟು ಸಾಕಾಯಿತು. ಒಬ್ಬರ ಗ್ಯಾರೇಜಿನಲ್ಲಿತ್ತು, ದೀಪಗಳೆಲ್ಲ ಉರಿದವು, ಫ್ಯಾನ್ ಬೀಸಿತು, ದುಡ್ಡು ಎಣಿಸಿ ಕೊಟ್ಟು ಬಂದೆ. ಹಿಂದಿನ ಪೆಟ್ಟಿಗೆ ತೆಗೆದು ನೋಡಬೇಕು ಅನ್ನುವುದು ಗೊತ್ತಿದ್ದರೆ ತಾನೆ.

ಮನೆಗೆ ತಂದು ಒಂದು ವಾರಕ್ಕೆ ಹುಚ್ಚುಹುಚ್ಚಾಗಿ ಆಡತೊಡಗಿತು. ಹೈ ಸ್ಕೋರ್ ಮರೆಯುವುದು, ನಿಂತಲ್ಲೇ ಆಫ್ ಆಗುವುದು. ತೆಗೆದು ನೋಡಿದರೆ ಮೇನ್ ಬೋರ್ಡಿನ ಮೇಲೆ ಮೂರು ಪೆನ್ಸಿಲ್ ಸೆಲ್. ಯಾವ ಕಾಲದಲ್ಲಿ ಹಾಕಿದ್ದೋ, ಒಡೆದು ಸೋರಿ, ಹಸಿರು ಬಿಳಿ ಪುಡಿ ಬೋರ್ಡಿನ ತಾಮ್ರದ ಗೆರೆಗಳನ್ನೆಲ್ಲ ತಿಂದು ಕೂತಿತ್ತು. ಆ ಕಾಲದ ಮಷೀನುಗಳಿಗೆ ಇದು ಸಕ್ಕರೆ ಕಾಯಿಲೆ ಇದ್ದ ಹಾಗೆ, ಮೇಲೆ ಏನೂ ಕಾಣುವುದಿಲ್ಲ, ಒಳಗೇ ತಿನ್ನುತ್ತಿರುತ್ತದೆ. ವಿನೆಗರ್ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಆಲ್ಕೋಹಾಲಿನಲ್ಲಿ ಒರೆಸಿ, ಕಿತ್ತುಹೋದ ಗೆರೆಗಳಿಗೆ ಕೂದಲೆಳೆಯಂಥ ತಂತಿ ಬೆಸುಗೆ ಹಾಕಿದೆ. ಎರಡು ತಿಂಗಳ ಶನಿವಾರ ಭಾನುವಾರ ಎಲ್ಲ ಅದಕ್ಕೇ ಹೋಯಿತು. ಕಾಲೇಜಿನಲ್ಲಿ ಕಲಿತ ಎಲೆಕ್ಟ್ರಾನಿಕ್ಸ್ ಎಷ್ಟೋ ವರ್ಷದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಂತು, ಮೇಷ್ಟ್ರಿಗೆ ಹೇಳಿದರೆ ನಂಬುವುದಿಲ್ಲ. ಮತ್ತೆ ಆನ್ ಮಾಡಿದಾಗ ಆ ಫ್ಯಾನ್ ಬೀಸಿತು ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷವಾಯಿತು. ಯಾವುದು ಬಂದರೂ ಯಾವುದು ಹೋದರೂ ಅದು ಮಾತ್ರ ಇದ್ದ ಜಾಗದಿಂದ ಕದಲಿಲ್ಲ. ಈಗ ಅದರಲ್ಲಿ ಬ್ಯಾಟರಿಯೇ ಇಲ್ಲ, ಬ್ಯಾಟರಿ ಬೇಡದ ಮೆಮೊರಿ ಚಿಪ್ ಹಾಕಿದ್ದೇನೆ.

ನೀವು ಕೊಳ್ಳುವುದಾದರೆ ಬರೀ ಆಡಿ ನೋಡಬೇಡಿ, ಹಿಂದಿನ ಪೆಟ್ಟಿಗೆ ತೆಗೆಸಿ. ಬ್ಯಾಟರಿ ಎಲ್ಲಿದೆ, ಸುಟ್ಟ ಕಲೆ ಎಲ್ಲಿದೆ ನೋಡಿ. ಗಾಜು ತೆಗೆದು ಆಟದ ಹಲಗೆಗೆ ಟಾರ್ಚ್ ಓರೆಯಾಗಿ ಹಿಡಿಯಿರಿ, ಬಣ್ಣ ಸವೆದು ಮರ ಕಾಣುತ್ತಿದೆಯಾ ತಿಳಿಯುತ್ತದೆ. ರಬ್ಬರ್ ಉಂಗುರ, ಬಲ್ಬು, ಫ್ಲಿಪ್ಪರ್ ಬುಷ್ ಇವೆಲ್ಲ ಹಾಳಾಗಿದ್ದರೆ ಚಿಂತೆ ಇಲ್ಲ, ಹೊಸದು ಸಿಗುತ್ತದೆ, ಅದನ್ನು ತೋರಿಸಿ ಚೌಕಾಸಿ ಮಾಡಬಹುದು. ಹಲಗೆಯ ಚಿತ್ರ ಸವೆದಿದ್ದರೆ ಮಾತ್ರ ದೊಡ್ಡ ತಲೆನೋವು. ಮನೆಗೆ ತಂದ ಮೇಲೆ ಕಾಲು ತಿರುಗಿಸಿ ಸುಮಾರು ಆರೂವರೆ ಡಿಗ್ರಿ ಇಳಿಜಾರು ಇರುವಂತೆ ನೋಡಿಕೊಳ್ಳಿ. ಎಷ್ಟೋ ಜನ ಈ ಮಷೀನ್ ಬೋರು ಅಂತ ಮಾರುತ್ತಾರೆ, ಅಸಲಿಗೆ ಅದು ಚಪ್ಪಟೆಯಾಗಿ ನಿಂತಿರುತ್ತದೆ ಅಷ್ಟೆ.

ಇನ್ನು ಆಡಮ್ಸ್ ಫ್ಯಾಮಿಲಿ. 1992ರದ್ದು, 20,270 ಮಾರಾಟವಾದವು, ಅದಕ್ಕಿಂತ ಮೊದಲು 1977ರ ಎಯ್ಟ್ ಬಾಲ್ ಹೆಸರಿನಲ್ಲಿದ್ದ ದಾಖಲೆ ಕೂದಲೆಳೆಯಲ್ಲಿ ಮುರಿಯಿತು. ಯಾರ ಪಟ್ಟಿ ತೆಗೆದರೂ ಮೇಲೆ ಇರುವ ಹೆಸರು. ಪೆಟ್ಟಿಗೆಯಿಂದ ಒಂದು ಕೈ ಹೊರಗೆ ಬಂದು ಬಾಲನ್ನು ಎತ್ತಿಕೊಂಡು ಒಳಗೆ ಹೋಗುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಹಲಗೆಯ ಕೆಳಗೆ ಅಯಸ್ಕಾಂತಗಳಿವೆ, ನೇರ ಹೋಗುತ್ತಿದ್ದ ಬಾಲ್ ಇದ್ದಕ್ಕಿದ್ದಂತೆ ದೆವ್ವ ಹಿಡಿದ ಹಾಗೆ ಸೊಟ್ಟ ತಿರುಗುತ್ತದೆ. ನಾನೂ ಎರಡು ವರ್ಷ ಹುಡುಕಿದೆ. ಕೊನೆಗೆ ಗೊತ್ತಾಗಿದ್ದು ಇಷ್ಟೇ, ಅಷ್ಟೊಂದು ತಯಾರಾದ ಮಷೀನ್ ಆದ್ದರಿಂದ ನಮ್ಮ ಸುತ್ತಮುತ್ತ ಇಬ್ಬರು ಗೆಳೆಯರ ಮನೆಯಲ್ಲೇ ಅದು ಇದೆ. ಅಲ್ಲಿಗೆ ಹೋದರೆ ಆಟವೂ ಸಿಗುತ್ತದೆ, ಕಾಫಿಯೂ ಸಿಗುತ್ತದೆ, ಕೆಟ್ಟರೆ ಅವರ ಪಾಡು. ನಾಲ್ಕೇ ಜಾಗ ಇರುವವನು ಇದನ್ನು ಯೋಚಿಸಬೇಕಾಗುತ್ತದೆ ಕಣ್ರೀ.

ಫನ್‌ಹೌಸ್ ಮೂರು ವರ್ಷ ಇತ್ತು. ಅದರ ಮಧ್ಯದಲ್ಲಿ ರೂಡಿ ಅಂತ ಒಂದು ಬೊಂಬೆ ತಲೆ. ಕಣ್ಣು ಹೊರಳಿಸಿ ಬಾಲ್ ಕಡೆ ನೋಡುತ್ತದೆ, ಬಾಯಿ ಆಡಿಸಿ ನಮ್ಮನ್ನು ಹೀಯಾಳಿಸುತ್ತದೆ. ಆಟದ ಗಡಿಯಾರದಲ್ಲಿ ಮಧ್ಯರಾತ್ರಿ ಆದರೆ ನಿದ್ದೆ ಹೋಗುತ್ತದೆ, ಆಗ ಬಾಯಿಗೆ ಬಾಲ್ ಹೊಡೆದು ಎಬ್ಬಿಸಬೇಕು. ಅದಕ್ಕೆ ದನಿ ಕೊಟ್ಟವನು ಎಡ್ ಬೂನ್, ಮುಂದೆ ಮಾರ್ಟಲ್ ಕಾಂಬ್ಯಾಟ್ ಅನ್ನುವ ವಿಡಿಯೋ ಗೇಮ್ ಮಾಡಿದ ಇಬ್ಬರಲ್ಲಿ ಒಬ್ಬ. ಆಟದ ದೃಷ್ಟಿಯಿಂದ ನನಗೆ ಈಗಲೂ ಅದರಷ್ಟು ಚಂದದ್ದು ಇನ್ನೊಂದಿಲ್ಲ. ಆದರೆ ಮಗಳಿಗೆ ಆಗ ನಾಲ್ಕು ವರ್ಷ. ಬೇಸ್‌ಮೆಂಟಿಗೆ ಹೋಗಲು ಹೆದರುತ್ತಿದ್ದಳು. ಒಂದು ದಿನ ಸ್ನಾನದ ಟವೆಲ್ ತಂದು, "ಅಪ್ಪಾ, ಅವನ ಮುಖ ಮುಚ್ಚು" ಅಂದಳು. ಗಾಜಿನ ಮೇಲೆ ಟವೆಲ್ ಹೊದೆಸಿ ಎಷ್ಟು ದಿನ ಅಂತ ಇಡುವುದು? ಮಾರಿದೆ. ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಯಾಕೆ ಮಾರಿದೆ ಅಂತ ನನ್ನನ್ನೇ ಬೈಯುತ್ತಾಳೆ. ಈಗ ಅದರ ಬೆಲೆ ಕೇಳಿದರೆ ನನಗೇ ಹೆದರಿಕೆ.

ಬೆಲೆ ಯಾಕೆ ಹೀಗೆ ಏರಿತು ಅಂದರೆ, ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ಮಾಡುವುದನ್ನೇ ನಿಲ್ಲಿಸಿತು. ಆಮೇಲೆ ಎಷ್ಟೋ ವರ್ಷ ಸ್ಟರ್ನ್ ಒಂದೇ ದೊಡ್ಡ ಕಂಪನಿ. ಹಳೆಯ ಮಷೀನುಗಳು ಇದ್ದಷ್ಟೇ, ಬೇಕು ಅನ್ನುವವರು ಹೆಚ್ಚಾದರು. ತೊಂಬತ್ತರ ದಶಕದ ಕೊನೆಯವು ಕಡಿಮೆ ಸಂಖ್ಯೆಯಲ್ಲಿ ತಯಾರಾದದ್ದು, ಮೆಡೀವಲ್ ಮ್ಯಾಡ್‌ನೆಸ್ 4,016, ಅಟ್ಯಾಕ್ ಫ್ರಮ್ ಮಾರ್ಸ್ 3,450. ಎರಡೂ ಬ್ರಯನ್ ಎಡ್ಡಿ ಮಾಡಿದವು.

ಈ ಅಟ್ಯಾಕ್ ಫ್ರಮ್ ಮಾರ್ಸ್ ನಮ್ಮಲ್ಲಿದೆ, ಆದರೆ 1995ರ ಅಸಲಿ ಅಲ್ಲ, ಶಿಕಾಗೋ ಗೇಮಿಂಗ್ ಕಂಪನಿ ಆಮೇಲೆ ಮತ್ತೆ ಮಾಡಿದ್ದು. ಅಸಲಿ ಇಟ್ಟುಕೊಂಡವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ನನಗೆ ಬೇಕಿದ್ದು ಆಟ. ಎದುರಿಗೇ ಒಂದು ಹಾರುವ ತಟ್ಟೆ, ಅದಕ್ಕೆ ಹೊಡೆಯಬೇಕು, ಹೊಡೆದರೆ ಬಾಲ್ ಸೀದಾ ನಮ್ಮ ಮಧ್ಯದ ಸಂದಿಗೇ ವಾಪಸ್ ಬರುವ ಅಪಾಯ. ಎರಡು ನಿಮಿಷದಲ್ಲಿ ಯಾರಿಗಾದರೂ ಅರ್ಥವಾಗುತ್ತದೆ, ಏಳು ವರ್ಷ ಆಡಿದರೂ ನನಗೆ ಪೂರ್ತಿ ಗೆಲ್ಲಲು ಆಗಿಲ್ಲ. ಕನ್ನಡ ಕೂಟದ ಗೆಳೆಯರು ಊಟಕ್ಕೆ ಬಂದಾಗ ಮೊದಲು ಸಾಲು ನಿಲ್ಲುವುದು ಇದರ ಮುಂದೆ. ಸೀರೆ ಉಟ್ಟು ಬಂದ ಆಂಟಿಯೊಬ್ಬರು ಒಂದು ಯುಗಾದಿಯ ದಿನ ನನ್ನ ಸ್ಕೋರು ಮುರಿದು ಹೋದರು.

ಮೂರನೆಯದರ ಕಥೆ ಬೇರೆ. ಗಾಟ್ಲೀಬ್ ಕಂಪನಿಯ ಸೆಂಟ್ರಲ್ ಪಾರ್ಕ್, 1966. ಇದರಲ್ಲಿ ಚಿಪ್ಪೂ ಇಲ್ಲ ಬೋರ್ಡೂ ಇಲ್ಲ. ಬರೀ ರಿಲೇ, ಕಾಯಿಲ್, ತಿರುಗುವ ಅಂಕಿ ಚಕ್ರ, ಮೈಲುಗಟ್ಟಲೆ ವೈರು. ಕೆಟ್ಟರೆ ಸಣ್ಣ ಅರ ಹಿಡಿದು ಸ್ವಿಚ್ಚಿನ ತುದಿ ಉಜ್ಜಿ, ಅದರ ಲೋಹದ ಪಟ್ಟಿಯನ್ನು ಚೂರು ಬಗ್ಗಿಸಿದರೆ ಬಹುತೇಕ ಸರಿ. ಕಣ್ಣಿಗೆ ಕಾಣುವ ರಿಪೇರಿ. ಹಿಂದಿನ ಗಾಜಿನಲ್ಲಿ ಪಾರ್ಕಿನ ಚಿತ್ರ, ಅಲ್ಲೊಂದು ಕೋತಿ, ಪಾಯಿಂಟ್ ಏರುವಾಗ ಅದು ನಿಜವಾಗಿ ಗಂಟೆ ಬಾರಿಸುತ್ತದೆ. ಅಂಥ ಗಾಜಿನ ಒಳಮೈ ಬಣ್ಣ ಹಕ್ಕಳೆಯಾಗಿ ಉದುರುವುದು ಮಾಮೂಲು. ನಮ್ಮದರಲ್ಲಿ ಒಂದು ಮೂಲೆ ಉದುರಿದೆ, ಹಾಗೇ ಬಿಟ್ಟಿದ್ದೇನೆ. ತಿದ್ದಲು ಹೋಗಿ ಇನ್ನಷ್ಟು ಉದುರಿಸಿದವರನ್ನು ನೋಡಿದ್ದೇನೆ.

ಇದನ್ನು ನಾನು ಸುಮ್ನೆ ಒಂದು ಹಳೇದು ಇರಲಿ ಅಂತ ತಂದೆ. ಆರು ತಿಂಗಳಿಗೆ ಅಂತ ಅಮ್ಮ ಬಂದಳು. ಹೊರಗೆ ಹಿಮ, ಟಿವಿ ಬೇಜಾರು. ಒಂದು ಮಧ್ಯಾಹ್ನ ನಾನು ಮೇಲೆ ಮೀಟಿಂಗಿನಲ್ಲಿದ್ದೆ, ಕೆಳಗಿನಿಂದ ಟಣ್ ಟಣ್ ಅಂತ ಗಂಟೆ. ಪೂಜೆ ಇರಬೇಕು ಅಂದುಕೊಂಡೆ. ಮಧ್ಯಾಹ್ನ ಮೂರಕ್ಕೆ ಎಂಥ ಪೂಜೆ? ಇಳಿದು ನೋಡಿದರೆ ಸ್ವೆಟರ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋತಿ ಕೈಯಲ್ಲಿ ಗಂಟೆ ಹೊಡೆಸುತ್ತಾ ನಿಂತಿದ್ದಾಳೆ. "ನಿಮ್ಮ ಗೋಲಿ ಬೋರ್ಡ್ ಇದ್ದ ಹಾಗೇ ಇದೆ ಅಲ್ವೇನೋ" ಅಂದಳು. ಆಮೇಲೆ ದಿನಾ ಊಟವಾದ ಮೇಲೆ ಐದು ಬಾಲ್. ಸ್ಕೋರನ್ನು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಹಾಗೆ ಬರೆದಿಡುತ್ತಿದ್ದಳು. 812, 640, 1,105. ಒಮ್ಮೆ ಪಕ್ಕದ ಮಷೀನಿನಲ್ಲಿ ನನ್ನದು 600 ಕೋಟಿ ದಾಟಿದಾಗ ಕರೆದು ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ, "ಅಷ್ಟೊಂದು ಸೊನ್ನೆ ಯಾತಕ್ಕೋ, ಲೆಕ್ಕ ಇಡೋರು ಯಾರು" ಅಂದು ಕೋತಿ ಹತ್ತಿರ ವಾಪಸ್ ಹೋದಳು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಮಷೀನ್ ಕೊಳ್ಳುವ ಮೊದಲು ಅದು ಯಾರ ಪಟ್ಟಿಯಲ್ಲಿ ಎಷ್ಟನೆಯದು ಅಂತ ನೋಡುವುದು ಬಿಟ್ಟೆ. ಮಂಗಳವಾರ ಸಂಜೆ ಪಾತ್ರೆ ತೊಳೆದಾದ ಮೇಲೆ ಇದನ್ನು ಮನೆಯಲ್ಲಿ ಯಾರು ಆಡುತ್ತಾರೆ? ಈ ಪ್ರಶ್ನೆಗೆ ಒಂದು ಹೆಸರು ಹೇಳಲು ಆಗದಿದ್ದರೆ ತರುವುದಿಲ್ಲ. ಆರ್ಕೇಡಿನಲ್ಲಿ ಹತ್ತು ನಿಮಿಷ ಚೆನ್ನಾಗಿರುವುದೇ ಬೇರೆ, ಮನೆಯಲ್ಲಿ ವರ್ಷಗಟ್ಟಲೆ ಅದರ ಸದ್ದು ಕೇಳುವುದೇ ಬೇರೆ. ಟ್ವೈಲೈಟ್ ಝೋನ್ ಮುಂದೆ ನನ್ನ ಹೆಸರು ಇತ್ತು, ಅದೂ ಸ್ಕ್ರೂಡ್ರೈವರ್ ಸಮೇತ.

ಖಾಲಿ ಜಾಗಕ್ಕೆ ನನ್ನ ಮನಸ್ಸಿನಲ್ಲಿದ್ದದ್ದು 1980ರ ಬ್ಲ್ಯಾಕ್ ನೈಟ್. ಸ್ಟೀವ್ ರಿಚಿ ಮಾಡಿದ್ದು, ಎರಡು ಅಂತಸ್ತಿನ ಹಲಗೆ, ಬದಿಯಲ್ಲಿ ಜಾರಿ ಹೋಗುವ ಬಾಲನ್ನು ಬಟನ್ ಒತ್ತಿ ಅಯಸ್ಕಾಂತದಲ್ಲಿ ಹಿಡಿದು ನಿಲ್ಲಿಸಬಹುದು. ಆದರೆ ಈ ಸಲ ಆರಿಸುವ ಸರದಿ ನನ್ನದಲ್ಲ. ಹೋದ ಅಕ್ಟೋಬರಿನಲ್ಲಿ ಇಲ್ಲಿನ ಪಿನ್‌ಬಾಲ್ ಎಕ್ಸ್‌ಪೋಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. 1985ರಿಂದ ನಡೆಯುತ್ತಿರುವ ಜಾತ್ರೆ ಅದು, ಸಾಲುಸಾಲು ಮಷೀನ್, ಎಷ್ಟು ಬೇಕಾದರೂ ಆಡಬಹುದು. ಮಷೀನ್ ಆರಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾನು ಊಟಕ್ಕೆ ಹುಡುಕಿದರೆ ಅವಳು ಟ್ಯಾಕ್ಸಿ ಅನ್ನುವ ಮಷೀನ್ ಬಿಟ್ಟು ಬರಲೇ ಇಲ್ಲ.

ಟ್ಯಾಕ್ಸಿ 1988ರದ್ದು, ವಿಲಿಯಮ್ಸ್. ನೀವು ಡ್ರೈವರ್, ಐದು ಜನ ಪ್ಯಾಸೆಂಜರುಗಳನ್ನು ಹತ್ತಿಸಿಕೊಳ್ಳಬೇಕು. ಡ್ರಾಕುಲಾ, ಸಾಂಟಾ, ಗೋರ್ಬಚೆವ್ ತರಹದ ಗೋರ್ಬಿ, ಒಂದು ರೋಬೋ, ಮತ್ತು ಲೋಲಾ. ಈ ಲೋಲಾ ಮೊದಲು ನಟಿ ಮರ್ಲಿನ್ ಮನ್ರೋ ತರಹದ ಮರ್ಲಿನ್ ಆಗಿದ್ದಳು, ಹಕ್ಕಿನ ತಕರಾರು ಬಂದು ಹೆಸರೂ ಕೂದಲ ಬಣ್ಣವೂ ಬದಲಾಯಿತು. ಇಷ್ಟೇ ಕಥೆ. ನನಗೆ ತೀರಾ ಸರಳ ಅನ್ನಿಸಿತು, ಅವಳಿಗೆ ಅದೇ ಇಷ್ಟವಾಯಿತು. "ರೀ, ಮಗಳನ್ನ ಸ್ವಿಮ್ಮಿಂಗಿಗೆ ಬಿಟ್ಟು, ತಬಲಾ ಕ್ಲಾಸಿಂದ ಕರ್ಕೊಂಡು, ನಿಮ್ಮಮ್ಮನ್ನ ಏರ್‌ಪೋರ್ಟಿಂದ ತರೋದು ನಾನು ತಾನೆ" ಅಂದಳು. ಇದಕ್ಕೆ ಎದುರು ಏನು ಹೇಳುವುದು?

ಇಂಡಿಯಾನಾದಲ್ಲಿ ಒಂದು ಇದೆಯಂತೆ, ಇಲ್ಲಿಂದ ಎರಡು ಗಂಟೆ ದಾರಿ. ಶನಿವಾರ ಬೆಳಿಗ್ಗೆ ಹೊರಡುತ್ತೇವೆ. ಟಾರ್ಚು, ಸ್ಕ್ರೂಡ್ರೈವರು, ಚಿತ್ರಾನ್ನ ಎಲ್ಲ ಕಟ್ಟಿ ಆಗಿದೆ. ಮಾರುವವರು ಕಳಿಸಿದ ಫೋಟೋಗಳಲ್ಲಿ ಗಾಜು ಫಳಫಳ ಹೊಳೆಯುತ್ತಿದೆ, ಕಾಲುಗಳೂ ಹೊಳೆಯುತ್ತಿವೆ. ಹಿಂದಿನ ಪೆಟ್ಟಿಗೆಯ ಒಳಗಿನದು ಒಂದೂ ಇಲ್ಲ. ಇದರಲ್ಲೂ ಆ ಮೂರು ಸೆಲ್ ಬೋರ್ಡಿನ ಮೇಲೇ ಕೂತಿರುತ್ತವೆ. ಕೇಳಿ ಮೆಸೇಜ್ ಹಾಕಿ ಎರಡು ದಿನ ಆಯಿತು, ಇನ್ನೂ ಉತ್ತರ ಬಂದಿಲ್ಲ. ವಿನೆಗರ್ ಬಾಟಲಿಯನ್ನೂ ಕಾರಿನಲ್ಲಿ ಇಟ್ಟಿದ್ದೇನೆ.